ವರೀಡ್, ಆಂಕ್ಷಸ್, ನರ್ವಸ್: ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ

ಚಿಂತೆ, ಕಳವಳಗಳನ್ನು ಸೂಚಿಸುವ ಇಂಗ್ಲಿಷ್ ವಿಶೇಷಣಗಳಿಗೆ ನಿಘಂಟುಗಳು ಹೆಚ್ಚುಕಡಿಮೆ ಒಂದೇ ಅರ್ಥ ಕೊಡುವುದರಿಂದ, ಅವನ್ನು ತೀವ್ರತೆಯ ಮೆಟ್ಟಿಲುಗಳೆಂದು ಭಾವಿಸುವವರು ಬಹಳ. ಆದರೆ ಭಾವನೆ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವುದರ ಕಡೆ ಮುಖ ಮಾಡಿದೆ ಎಂಬುದೇ ಇಲ್ಲಿ ಮುಖ್ಯವೆಂದು ನಾನು ನಂಬುತ್ತೇನೆ.

'ವರೀಡ್' ಎಂದಾಗ ಮನಸ್ಸನ್ನು ಕೊರೆಯುವ ಸಂಗತಿ ಸಾಮಾನ್ಯವಾಗಿ ಗೊತ್ತಿರುತ್ತದೆ: ತೀರಿಸಬೇಕಾದ ಸಾಲ, ಹೊತ್ತಾದರೂ ಬಾರದ ಮಗು. 'ಆಂಕ್ಷಸ್' ಎನ್ನಲು ಅಷ್ಟು ಸ್ಪಷ್ಟ ಕಾರಣ ಬೇಕಿಲ್ಲ. ವೈದ್ಯಕೀಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಅನಿಶ್ಚಿತತೆಗೆ ಅದು ಸರಿಹೊಂದುತ್ತದೆ. ಅದರ ಮುಂದೆ 'ಟು' ಮತ್ತು ಕ್ರಿಯಾಪದ ಬಂದರೆ ಅರ್ಥ ಹಂಬಲದ ಕಡೆ ವಾಲುತ್ತದೆ: 'ಆಂಕ್ಷಸ್ ಟು ಪ್ಲೀಸ್' ಎಂದರೆ ಮೆಚ್ಚಿಸಲು ಹಾತೊರೆಯುವ ಎಂದರ್ಥ. ವೇದಿಕೆ ಹತ್ತುವ ಮುನ್ನ ಅಂಗೈ ಬೆವರಿ, ದನಿ ನಡುಗುವ ಅಳುಕಿಗೆ 'ನರ್ವಸ್' ಸಾಕು. 'ಅಪ್ರಿಹೆನ್ಸಿವ್' ಇನ್ನೂ ನಡೆಯದ ಸಂಗತಿಯ ಬಗೆಗಿನ ಆತಂಕ. ನಡೆದುಹೋದದ್ದಕ್ಕೆ ಅದನ್ನು ಬಳಸುವಂತಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು 'ಕನ್ಸರ್ನ್ಡ್' ಪದಕ್ಕೆ. ಅದರಲ್ಲಿ ಕಳವಳದ ಜೊತೆ ಕಾಳಜಿಯೂ ಇದೆ, ದನಿಯೂ ಸಂಯಮದ್ದು. ಆದ್ದರಿಂದಲೇ ಔಪಚಾರಿಕ ಪತ್ರಗಳಿಗೆ ಅದು ಒಗ್ಗುತ್ತದೆ. ಆದರೆ ನಾಮಪದದ ಹಿಂದೆ ಬರುತ್ತದೆಯೋ ಮುಂದೆ ಬರುತ್ತದೆಯೋ ಎಂಬುದರ ಮೇಲೆ ಅರ್ಥವೇ ಬದಲಾಗುತ್ತದೆ. 'ಕನ್ಸರ್ನ್ಡ್ ಪೇರೆಂಟ್ಸ್' ಎಂದರೆ ಕಳವಳಗೊಂಡ ಪೋಷಕರು, 'ದ ಪೇರೆಂಟ್ಸ್ ಕನ್ಸರ್ನ್ಡ್' ಎಂದರೆ ಸಂಬಂಧಪಟ್ಟ ಪೋಷಕರು. ನಮ್ಮ ಅರ್ಜಿಗಳಲ್ಲಿ ಸಂಬಂಧಪಟ್ಟ ಅಧಿಕಾರಿಯನ್ನು 'ಕನ್ಸರ್ನ್ಡ್ ಆಫೀಸರ್' ಎಂದು ಬರೆಯುವುದು ರೂಢಿಯಾಗಿದೆ; ನಮ್ಮಲ್ಲಿ ಅದು ಅರ್ಥವಾಗುತ್ತದೆ, ಹೊರಗಿನ ಓದುಗರಿಗೆ ಮಾತ್ರ ಚಿಂತಾಕ್ರಾಂತ ಅಧಿಕಾರಿಯೊಬ್ಬರು ಕಾಣಿಸಬಹುದು. 'ಅಬೌಟ್' ಸೇರಿದರೆ ಕಳವಳ, 'ವಿತ್' ಸೇರಿದರೆ ಬಹುಮಟ್ಟಿಗೆ ವಿಷಯಸಂಬಂಧ ಎಂಬುದನ್ನೂ ನೆನಪಿಡಬೇಕು.

ನನಗೆ ಅತ್ಯಂತ ಸೂಕ್ಷ್ಮವೆನಿಸುವುದು 'ಅನ್‌ಈಸಿ'. ಎಲ್ಲವೂ ಸರಿಯಾಗಿರುವಂತೆ ಕಂಡರೂ ಒಳಗೊಳಗೇ ಏನೋ ಸರಿಯಿಲ್ಲ ಎನಿಸುವ ಕಸಿವಿಸಿ ಅದು. ಮನುಷ್ಯರಿಗಷ್ಟೇ ಅಲ್ಲ, ಸನ್ನಿವೇಶಗಳಿಗೂ ಅದು ಸಲ್ಲುತ್ತದೆ. ಯಾವ ಕ್ಷಣದಲ್ಲಾದರೂ ಮುರಿಯಬಹುದಾದ ಕದನವಿರಾಮವನ್ನು ಇಂಗ್ಲಿಷಿನಲ್ಲಿ 'ಅನ್‌ಈಸಿ ಟ್ರೂಸ್' ಎನ್ನುತ್ತಾರೆ. ಅಲ್ಲಿ 'ವರೀಡ್' ಆಗಲಿ 'ನರ್ವಸ್' ಆಗಲಿ ಆ ಕೆಲಸ ಮಾಡಲಾರದು.