ಬಸುರಿಯ ಹೊಟ್ಟೆ ಯಾಕೆ ಕಟ್ಟುತ್ತದೆ
ಮಂಡ್ಯದ ಮನೆಗೆ ಬಂದಿರುವ ನನ್ನ ತಂಗಿಗೆ ಈಗ ಐದು ತಿಂಗಳು. ಮಲಬದ್ಧತೆ ಅಂತ ಹೇಳೋಕೂ ನಾಚಿಕೊಂಡು ಒಬ್ಬಳೇ ಒದ್ದಾಡುತ್ತಿದ್ದಾಳೆ, ಅಮ್ಮ ನೋಡಿದರೆ "ನೆಟ್ಟಗೆ ಊಟ ಮಾಡಲ್ಲ, ಅದಕ್ಕೇ" ಅಂತಾರೆ. ಸುಮ್ನೆ ಅವಳನ್ನೇಕೆ ಬೈಯಬೇಕು? ಬಸುರಿಯಾದಾಗ ಪ್ರೊಜೆಸ್ಟರಾನ್ ಜಾಸ್ತಿಯಾಗುತ್ತದೆ, ಗರ್ಭಕೋಶ ಬಿಗಿಯಾಗದಂತೆ ಸ್ನಾಯುಗಳನ್ನು ಸಡಿಲಿಸುವ ಆ ಹಾರ್ಮೋನ್ ಕರುಳನ್ನೂ ನಿಧಾನ ಮಾಡುತ್ತದೆ, ಅಷ್ಟು ಹೊತ್ತು ದೊಡ್ಡ ಕರುಳು ನೀರು ಹೀರುತ್ತಲೇ ಇದ್ದರೆ ಮಲ ಗಟ್ಟಿಯಾಗದೆ ಇನ್ನೇನಾಗುತ್ತದೆ. ಜೊತೆಗೆ ಕಬ್ಬಿಣದ ಮಾತ್ರೆ ಬೇರೆ, ಅದೂ ಹೊಟ್ಟೆ ಕಟ್ಟಿಸುತ್ತದೆ. ಮುಟ್ಟಿಗೆ ಮುಂಚೆ ಹೊಟ್ಟೆ ಕಟ್ಟಿ, ಮುಟ್ಟಾದ ದಿನ ಸಡಿಲವಾಗೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು ಅಲ್ವಾ? ಆಗ ಪ್ರೊಜೆಸ್ಟರಾನ್ ಇಳಿದಿರುತ್ತದೆ. ಇದನ್ನೆಲ್ಲ ನಾವು ಅಕ್ಕತಂಗಿಯರೇ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ. ಮಾತ್ರೆ ಮಾತ್ರ ನಿಲ್ಲಿಸಬೇಡ ಅಂದಿದ್ದೇನೆ. ನೀರು, ಸೊಪ್ಪಿನ ಬಸ್ಸಾರು, ಸೀಬೆಹಣ್ಣು, ಸಂಜೆ ಒಂದಿಷ್ಟು ನಡಿಗೆ. ಅದಕ್ಕೂ ಬಗ್ಗದಿದ್ದರೆ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.