ವಿಕಟಕವಿಗೆ ಫಾಲ್ಸ್ ಅಂದ ಪೈಥಾನ್

ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ನನ್ನದು. ಹಗಲೆಲ್ಲ ಮದುವೆ ಕಾರ್ಡು, ಬಿಲ್ ಬುಕ್ಕು. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವುದು. ನಾಲ್ಕು ತಿಂಗಳಾಯಿತು.

ಮೊದಲೆರಡು ತಿಂಗಳು ಸುಮ್ನೆ ವಿಡಿಯೋ ನೋಡಿದೆ. ನೋಡುವಾಗ ಎಲ್ಲ ಗೊತ್ತಾದ ಹಾಗೇ ಇರುತ್ತಿತ್ತು. ಖಾಲಿ ಫೈಲ್ ತೆಗೆದು ಕೂತರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಒಂದು ಲೂಪ್ ಬರೆಯಲಿಕ್ಕೂ ಕೈ ಓಡುತ್ತಿರಲಿಲ್ಲ. ಆಮೇಲೆ ಸಣ್ಣ ಸಣ್ಣ ಲೆಕ್ಕ ಬಿಡಿಸಲು ಶುರು ಮಾಡಿದೆ. ಎಲ್ಲರೂ ಮಾಡುವ ಫಿಜ್‌ಬಜ್ ನಾನೂ ಮಾಡಿದೆ: ಸಂಖ್ಯೆ 3ರಿಂದ ಭಾಗವಾದರೆ ಫಿಜ್, 5ರಿಂದ ಭಾಗವಾದರೆ ಬಜ್, 3, 5 ಎರಡರಿಂದಲೂ ಆದರೆ ಫಿಜ್‌ಬಜ್ ಅನ್ನಬೇಕು. 3ರಿಂದ ಭಾಗವಾಗುತ್ತಾ ಅಂತ ಮೊದಲೇ ಕೇಳಿಬಿಟ್ಟಿದ್ದರಿಂದ 15ಕ್ಕೆ ಬರೀ ಫಿಜ್ ಬಂತು. ಸರಿ, 15ರ ಪ್ರಶ್ನೆಯನ್ನು ಮೇಲೆ ತಂದೆ, ಮುಗೀತು.

ಮಜಾ ಬಂದಿದ್ದು ಪದವನ್ನು ತಿರುಗಿಸುವ ಲೆಕ್ಕದಲ್ಲಿ. ಪೈಥಾನ್‌ನಲ್ಲಿ ಅದು ಒಂದೇ ಸಾಲು: ಚೌಕ ಆವರಣದೊಳಗೆ ಎರಡು ಕೋಲನ್, ಮೈನಸ್ ಒಂದು. ‘ಕನ್ನಡ’ ಕೊಟ್ಟೆ, ‘ಡನ್ನಕ’ ಬಂತು. ಖುಷಿಯಾಗಿ ಮಲಗಿದೆ.

ಮಾರನೇ ದಿನದ ಲೆಕ್ಕ, ಹಿಂದುಮುಂದು ಓದಿದರೂ ಒಂದೇ ಆಗಿರುವ ಪದ ಗುರುತಿಸುವುದು. ‘ಕನಕ’ಕ್ಕೆ ಟ್ರೂ ಅಂತು. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ‘ವಿಕಟಕವಿ ಹಾಕಪ್ಪಾ’ ಅಂದಳು. ಹಾಕಿದೆ. ಫಾಲ್ಸ್!

‘ನಿನ್ ಕಂಪ್ಯೂಟರ್‌ಗೆ ಕನ್ನಡ ಬರಲ್ಲ’ ಅಂತ ನಕ್ಕಳು. ನನಗೋ ಅವಮಾನ. ಇಪ್ಪತ್ತು ವರ್ಷದಿಂದ ಇದೇ ಅಕ್ಷರ ಜೋಡಿಸಿ ಅನ್ನ ತಿನ್ನುತ್ತಿರುವವನು, ಅಲ್ವಾ?

ಪದವನ್ನು ಬಿಡಿ ಬಿಡಿ ಚಿಹ್ನೆಗಳ ಲಿಸ್ಟ್ ಮಾಡಿ ಪ್ರಿಂಟ್ ಮಾಡಿ ನೋಡಿದೆ. ‘ವಿ’ ಒಂದಾಗಿರಲಿಲ್ಲ. ವ ಬೇರೆ, ಗುಡಿಸು ಬೇರೆ. ಹಿಂದಿನಿಂದ ಓದಿದರೆ ಗುಡಿಸು ಮೊದಲು, ವ ಆಮೇಲೆ. ‘ಮೈಸೂರು’ ತಿರುಗಿಸಿದರೆ ಕೊಂಬು ಒಂದೇ ಅನಾಥವಾಗಿ ಮುಂದೆ ಬಂದು ನಿಂತಿತು. ಹಾಗಾದರೆ ‘ಕನ್ನಡ’ ಹೇಗೆ ಸರಿ ಬಂತು? ಅದರೊಳಗೆ ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ. ಯಾವ ಕಡೆಯಿಂದ ಓದಿದರೂ ಅದೇ. ಅದೃಷ್ಟಕ್ಕೆ ಪಾಸಾಗಿತ್ತು ಅಷ್ಟೇ.

ಉತ್ತರ ಹುಡುಕಬಾರದು ಅಂತ ಹಟ ಹಿಡಿದೆ. ಮೂರು ರಾತ್ರಿ ಹಿಡಿಯಿತು. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್ (ಸಿದ್ಧ ಕೋಡಿನ ಕಟ್ಟು) ಪ್ರತಿ ಚಿಹ್ನೆಯ ಜಾತಿ ಹೇಳುತ್ತದೆ. ಜಾತಿಯ ಹೆಸರು ಇಂಗ್ಲಿಷಿನ ‘ಎಂ’ನಿಂದ ಶುರುವಾದರೆ ಅದು ಗುಡಿಸು, ಕೊಂಬು, ಸೊನ್ನೆ ತರಹದ್ದು, ಹಿಂದಿನ ಅಕ್ಷರಕ್ಕೆ ಅಂಟಿಸು. ವಿಕಟಕವಿ ಟ್ರೂ ಆಯಿತು. ಆದರೆ ಎಷ್ಟು ಅಕ್ಷರ ಅಂತ ಎಣಿಸಿದರೆ ‘ರಾಷ್ಟ್ರ’ದಲ್ಲಿ ನಾಲ್ಕು ಅಂತು. ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದಿದ್ದರೆ ಮುಂದಿನ ವ್ಯಂಜನವನ್ನೂ ಅಲ್ಲೇ ಸೇರಿಸು ಅಂತ ಇನ್ನೊಂದು ಷರತ್ತು ಹಾಕಿದೆ. ಎರಡಾಯಿತು. ಒತ್ತಕ್ಷರದ ನಿಯಮವನ್ನು ನಾನೇ ಷರತ್ತು ಮಾಡಿ ಬರೆದಿದ್ದು ಅದೇ ಮೊದಲು.

ಈಗ ಯಾವ ಲೆಕ್ಕ ಸಿಕ್ಕರೂ ಕೊಟ್ಟಿರುವ ಇಂಗ್ಲಿಷ್ ಉದಾಹರಣೆ ಬಿಟ್ಟು ನನ್ನ ಮದುವೆ ಕಾರ್ಡಿನ ಹೆಸರುಗಳನ್ನೇ ಹಾಕುತ್ತೇನೆ. ಜಾಸ್ತಿ ಬಗ್, ಅಂದರೆ ಕೋಡಿನ ತಪ್ಪು, ಅಲ್ಲೇ ಸಿಗುವುದು.

ನಿನ್ನೆ ಮಗಳು ‘ರ‍್ಯಾಂಕ್’ ಹಾಕು ಅಂದಳು. ಎರಡು ಅಕ್ಷರ ಬರಬೇಕಿತ್ತು, ಮೂರು ಅಂತಿದೆ. ಲಿಸ್ಟ್ ಮಾಡಿ ನೋಡಿದರೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿದೆ. ಅರ್ಕಾವತ್ತು ಬರದಿರಲಿ ಅಂತ ಟೈಪ್ ಮಾಡುವಾಗ ನಾನೇ ಹಾಕಿದ ಜೋಡಕ. ಅದರ ಜಾತಿ ‘ಎಂ’ ಅಲ್ಲ. ಇವತ್ತು ರಾತ್ರಿ ಅದರ ಕೆಲಸ.