ತಿಳಿನೀರಿನ ಮೀನು ಅಷ್ಟು ಸುಲಭಕ್ಕೆ ಸಿಗಲ್ಲ

ಅಮೆರಿಕದ ಟೆನೆಸ್ಸಿ ರಾಜ್ಯದ ಡೇಲ್ ಹಾಲೋ ಜಲಾಶಯವನ್ನು ಮೊದಲ ಸಲ ನೋಡಿದವರು ನೀರಿಗೆ ಬಗ್ಗಿ ನಿಂತುಬಿಡುತ್ತಾರೆ. ಅಷ್ಟು ತಿಳಿ. ದೋಣಿ ಕಟ್ಟುವ ಜಾಗದಿಂದ ಕೆಳಗೆ ನೋಡಿದರೆ ಎರಡಾಳು ಆಳದ ಕಲ್ಲು, ಮುಳುಗಿದ ಮರದ ಬೊಡ್ಡೆ, ಯಾರೋ ಬೀಳಿಸಿಕೊಂಡ ಪ್ಲಾಸ್ಟಿಕ್ ಲೋಟ ಎಲ್ಲಾ ಕಾಣುತ್ತದೆ. ನನ್ನ ಭಾವನೂ ಬಗ್ಗಿ ನೋಡಿದರು. "ಇಷ್ಟು ತಿಳಿ ಇದ್ರೆ ಮೀನನ್ನ ಆರಿಸಿ ಆರಿಸಿ ಹಿಡೀಬಹುದಲ್ಲೋ ಮಾರಾಯ" ಎಂದರು. ನಾನು ಅದನ್ನು ನಮ್ಮ ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅರವತ್ತು ದಾಟಿದ, ಹೆಚ್ಚು ಮಾತಾಡದ ಮನುಷ್ಯ. "ಅವು ನಿಮಗೆ ಕಾಣೋ ಮೊದಲೇ ನೀವು ಅವಕ್ಕೆ ಕಾಣ್ತೀರಿ" ಎಂದಷ್ಟೇ ಹೇಳಿ ಎಂಜಿನ್ ಶುರು ಮಾಡಿದರು.

ಆ ದಿನದ ಕಥೆಯೆಲ್ಲಾ ಇದೇ ಮಾತಿನ ಸುತ್ತ ಸುತ್ತಿತು.

ನಾನಿರುವುದು ನ್ಯಾಶ್‌ವಿಲ್‌ನಲ್ಲಿ, ಅಕ್ಕ-ಭಾವ ನಾಕ್ಸ್‌ವಿಲ್‌ನಲ್ಲಿ. ಡೇಲ್ ಹಾಲೋ ಇಬ್ಬರಿಗೂ ಹೆಚ್ಚುಕಮ್ಮಿ ಎರಡು ಗಂಟೆಯ ದಾರಿ. ಆದರೆ ನಾಕ್ಸ್‌ವಿಲ್ ಗಡಿಯಾರ ಇಲ್ಲಿಗಿಂತ ಒಂದು ಗಂಟೆ ಮುಂದೆ. ಭಾವ ಕಾರಿನ ಗಡಿಯಾರ ನೋಡಿಕೊಂಡು ಬಂದು, ಕತ್ತಲಲ್ಲಿ ಒಬ್ಬರೇ ನಿಂತು ಫೋನ್ ಮಾಡಿದ್ದರು. "ಎಲ್ಲಿದ್ದೀಯೋ? ಆರೂವರೆ ಆಯ್ತು!" ನಾನಿನ್ನೂ ಅರ್ಧ ದಾರಿಯಲ್ಲಿದ್ದೆ. ಜನವರಿ ತಿಂಗಳ ಚಳಿ ಬೇರೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಫ್ಲಾಸ್ಕಿನ ಕಾಫಿ ಮುಕ್ಕಾಲು ಖಾಲಿಯಾಗಿತ್ತು. ಹಿಂದಿನ ಸೀಟಿನಲ್ಲಿ ಮಾತ್ರ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ, ಜೊತೆಗೆ ಒಂದು ಡಬ್ಬಿ ರವೆ, ಇನ್ನೊಂದರಲ್ಲಿ ಅರೆದ ಮಸಾಲೆ. ಮೀನು ಸಿಗುವ ಮೊದಲೇ ಹುರಿಯುವ ತಯಾರಿ.

ಈ ಜಲಾಶಯ ಓಬಿ ನದಿಯದ್ದು. ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗದವರು ಕಟ್ಟಿದ ಅಣೆಕಟ್ಟು 1943ರಲ್ಲಿ ಮುಗಿಯಿತು. ಆಳವಾದ ಕಡೆ ಸುಮಾರು 130 ಅಡಿ ನೀರು. ಸುತ್ತಲೂ ಗುಡ್ಡ, ಕಾಡು. ವಿಲ್ಲೋ ಗ್ರೋವ್ ಅನ್ನೋ ಊರು ಇದರಡಿ ಹೋಗಿದೆ. ಅಲ್ಲಿದ್ದ ಶಾಲೆಯ ಅಡಿಪಾಯ ನೋಡಲು ಈಗಲೂ ಡೈವಿಂಗ್ ಮಾಡುವವರು ಇಳಿಯುತ್ತಾರಂತೆ. ಗೈಡ್ ಇದನ್ನು ಹೇಳುವಾಗ ಭಾವ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ನಾವಿಬ್ಬರೂ ಸಾಗರದ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಭಾವನ ಅಜ್ಜನ ಗದ್ದೆ ಶರಾವತಿ ಹಿನ್ನೀರಿನ ಪಾಲಾಗಿತ್ತು. ಅಲ್ಲಿ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಇಲ್ಲಿ ನೀರು ಇಳಿಯುವುದೇ ಬೇಡ, ಮುಳುಗು ಹಾಕಿದರೆ ಸಾಕು. "ಇವರಿಗೆ ಪರಿಹಾರ ಸರಿಯಾಗಿ ಸಿಕ್ತಂತಾ ಕೇಳು" ಎಂದರು ಭಾವ. ನಾನು ಕೇಳಲಿಲ್ಲ. ಬೆಳಗ್ಗೆ ಬೆಳಗ್ಗೆ ಆ ವಿಷಯ ಯಾಕೆ ಅಂತ.

ನಮಗೆ ಬೇಕಾಗಿದ್ದದ್ದು ಸ್ಮಾಲ್‌ಮೌತ್ ಬಾಸ್ ಅನ್ನುವ ಮೀನು. ಬಾಸ್‌ನಲ್ಲಿ ಇಲ್ಲಿ ಮೂರು ಜಾತಿ ಸಿಗುತ್ತವೆ. ಲಾರ್ಜ್‌ಮೌತ್‌ಗೆ ಬಾಯಿಯ ತುದಿ ಕಣ್ಣು ದಾಟಿ ಹಿಂದೆ ಹೋಗಿರುತ್ತದೆ, ಸ್ಮಾಲ್‌ಮೌತ್‌ಗೆ ಕಣ್ಣು ದಾಟಲ್ಲ. ಇವೆರಡರ ನಡುವಿನದು ಸ್ಪಾಟೆಡ್ ಬಾಸ್. ಜಗತ್ತಿನಲ್ಲೇ ದೊಡ್ಡ ಸ್ಮಾಲ್‌ಮೌತ್ ಸಿಕ್ಕಿದ್ದು ಇದೇ ನೀರಿನಲ್ಲಿ. 1955ರ ಜುಲೈ 9ರಂದು ಡೇವಿಡ್ ಹೇಯ್ಸ್ ಎಂಬುವರು ಹಿಡಿದರು. 11 ಪೌಂಡ್ 15 ಔನ್ಸ್, ಅಂದರೆ 5 ಕಿಲೋ 400 ಗ್ರಾಂ ಮೇಲೆ. ನಮ್ಮ ಕಾಟ್ಲಾ ಲೆಕ್ಕದಲ್ಲಿ ಇದೇನು ದೊಡ್ಡದಲ್ಲ. ಆದರೆ ಈ ಜಾತಿಯಲ್ಲಿ ಎರಡು ಕಿಲೋ ಬಂದರೇ ಜನ ಫೋಟೋ ಕಟ್ಟು ಹಾಕಿಸುತ್ತಾರೆ. ಆಮೇಲೆ ಆ ದಾಖಲೆಗೂ ಒಂದು ರಗಳೆ ಬಂತು. ಮೀನಿನೊಳಗೆ ತೂಕ ತುಂಬಿದ್ದರು ಅನ್ನುವ ಹಳೆಯ ಹೇಳಿಕೆಯೊಂದು ಹೊರಬಂದು 1996ರಲ್ಲಿ ದಾಖಲೆ ಕಿತ್ತುಹಾಕಿದರು. 2005ರಲ್ಲಿ ವಾಪಸ್ ಕೊಟ್ಟರು. ಮೀನಿನ ತೂಕದ ವಿಷಯದಲ್ಲಿ ಯಾವ ದೇಶದವರನ್ನೂ ಪೂರ್ತಿ ನಂಬೋಕಾಗಲ್ಲ ಅನ್ನಿ.

ಚಳಿಗಾಲದಲ್ಲಿ ಈ ಮೀನು ತಳದಲ್ಲೂ ಇರಲ್ಲ, ಮೇಲೂ ಇರಲ್ಲ. ನೇರ ಕಡಿದಂತೆ ನೀರಿಗಿಳಿದ ಬಂಡೆಗೋಡೆಗಳ ಪಕ್ಕ, ಐವತ್ತು ಅರವತ್ತು ಅಡಿ ನೀರಿನ ಮೇಲೆ, ಹತ್ತು ಹದಿನೈದು ಅಡಿ ಆಳದಲ್ಲಿ ಸುಮ್ನೆ ತೇಲಿಕೊಂಡು ನಿಂತಿರುತ್ತದೆ. ನೀರು ಜಾಸ್ತಿ ತಣ್ಣಗಾದಾಗ ಶ್ಯಾಡ್ ಅನ್ನುವ ಸಣ್ಣ ಮೀನುಗಳು ಸೆಟೆದುಕೊಂಡು ಒದ್ದಾಡುತ್ತಾ ಸಾಯುತ್ತವೆ. ಬಾಸ್ ಅವನ್ನು ಕಾಯುತ್ತಿರುತ್ತದೆ. ಅಟ್ಟಿಸಿಕೊಂಡು ಹೋಗುವ ಹುಮ್ಮಸ್ಸು ಅದಕ್ಕೂ ಇರಲ್ಲ. ಬಾಯಿ ಹತ್ತಿರ ಬಂದು ಅಲ್ಲೇ ಅಲುಗಾಡುತ್ತಾ ನಿಂತರೆ ಮಾತ್ರ ತಿನ್ನುತ್ತದೆ. ಹಾಗೆ ನಿಲ್ಲಿಸಲು ಪೂರ್ವ ಟೆನೆಸ್ಸಿಯ ಜನ ಕಂಡುಕೊಂಡ ಉಪಾಯಕ್ಕೆ ಫ್ಲೋಟ್ ಅಂಡ್ ಫ್ಲೈ ಅನ್ನುತ್ತಾರೆ.

ಗೈಡ್ ಅದನ್ನು ಕೈಗೆ ಕೊಟ್ಟಾಗ ಭಾವ ಜೋರಾಗಿ ನಕ್ಕರು. "ಇದು ನಮ್ಮ ಬೆಂಡು ಗಾಳ ಅಲ್ವೇನೋ!" ನಿಜ, ಬೆಂಡು ಗಾಳವೇ. ಆದರೆ ಬೆಂಡಿನ ಕೆಳಗೆ ಹತ್ತು ಹನ್ನೆರಡು ಅಡಿ ದಾರ. ಮೀನಿಗೆ ಕಾಣಬಾರದು ಅಂತ ಕೂದಲೆಳೆಯಂಥ ಫ್ಲೋರೋಕಾರ್ಬನ್ ದಾರ. ತುದಿಯಲ್ಲಿ ಎರಡು ಗ್ರಾಂ ಕೂಡ ತೂಗದ ಸೀಸದ ತಲೆಯ ಗಾಳ, ಅದಕ್ಕೆ ಕಟ್ಟಿದ ಬಿಳಿ-ಬೂದು ಕೂದಲು. ಎರೆಹುಳು ಇಲ್ಲ, ವಾಸನೆ ಇಲ್ಲ. ಬೆಂಡು ಕೋಲಿನ ಬಳೆಯೊಳಗೆ ತೂರಲ್ಲವಾದ್ದರಿಂದ ಅಷ್ಟುದ್ದ ದಾರವನ್ನು ಹೊರಗೇ ಇಟ್ಟುಕೊಂಡು ಬೀಸಬೇಕು. ಅದಕ್ಕೇ ಕೋಲು ಒಂಬತ್ತು ಅಡಿಗೂ ಉದ್ದ. ಭಾವ ನಮ್ಮೂರ ವಾಟೆ ಕೋಲಿನ ಅಭ್ಯಾಸದಲ್ಲಿ ಒಂದೇ ಸಲಕ್ಕೆ ಚೆನ್ನಾಗಿ ಬೀಸಿದರು. ನನ್ನದು ಗೈಡ್ ಟೊಪ್ಪಿಗೆ ಸವರಿಕೊಂಡು ಹೋಯಿತು. ಅವರು ಟೊಪ್ಪಿ ಸರಿಮಾಡಿಕೊಂಡರು, ಅಷ್ಟೇ.

ಬೆಳಗ್ಗೆ ಪೂರ್ತಿ ಬಿಸಿಲು. ಗಾಳಿಯ ಸುಳಿವಿಲ್ಲ. ಫೋಟೋಗೆ ಹೇಳಿ ಮಾಡಿಸಿದ ದಿನ, ಮೀನಿಗೆ ಕೆಟ್ಟ ದಿನ. ಬೆಳಕು ಆಳಕ್ಕೆ ಇಳಿಯುತ್ತದೆ, ದಾರ ಕಾಣುತ್ತದೆ, ದೋಣಿಯ ನೆರಳು ಕಾಣುತ್ತದೆ. ಅಲೆ ಇಲ್ಲದೆ ಬೆಂಡು ಕುಣಿಯಲ್ಲ, ಬೆಂಡು ಕುಣಿಯದೆ ಕೆಳಗಿನ ಗಾಳಕ್ಕೆ ಜೀವ ಬರಲ್ಲ. ಕೋಲಿನ ತುದಿಯನ್ನು ನಾವೇ ಸಣ್ಣಗೆ ನಡುಗಿಸುತ್ತಾ ಇರಬೇಕು. ಚಳಿಗೆ ಕೈ ತಾನಾಗಿಯೇ ನಡುಗುತ್ತಿತ್ತು, ಅದೊಂದು ಅನುಕೂಲ. ಕೋಲಿನ ಬಳೆಗಳಲ್ಲಿ ಹನಿ ನೀರು ಹೆಪ್ಪುಗಟ್ಟಿ ಸಾಬೂದಾನಿ ಕಾಳಿನಂತೆ ಕೂರುತ್ತಿತ್ತು. ದಾರ ಸಿಕ್ಕಿಕೊಳ್ಳುತ್ತಿತ್ತು. ಗೈಡ್ ಕೋಲಿನ ತುದಿಯನ್ನು ನೀರಿಗೆ ಅದ್ದಿ ಕರಗಿಸಿ ವಾಪಸ್ ಕೊಡುತ್ತಿದ್ದರು. ಗಾಳಿಗಿಂತ ನೀರೇ ಬೆಚ್ಚಗಿತ್ತು.

ನೀರಡಿಯ ಮೀನು ತೋರಿಸುವ ಸೋನಾರ್ ಪರದೆಯಲ್ಲಿ ಮೀನು ಮಾತ್ರ ಬೇಕಾದಷ್ಟು. ಅದೇ ಹೊಟ್ಟೆ ಉರಿ. ನಮ್ಮೂರಲ್ಲಿ ಮೊದಲ ಮಳೆಗೆ ಹತ್ತುಮೀನು ಗದ್ದೆ ಕಡೆ ಏರುವಾಗ ನೀರು ಕೆಂಪು ಕೆಸರು. ನಮಗೂ ಏನೂ ಕಾಣಲ್ಲ, ಮೀನಿಗೂ ಕಾಣಲ್ಲ. ಮೀನು ಹಿಡಿಯುವ ಬಿದಿರಿನ ಕೂಣಿ ಒಡ್ಡಿದರೆ ಬಂದು ಬೀಳುತ್ತವೆ. ಲೆಕ್ಕ ಸಮ. ಇಲ್ಲಿ ಆಟ ಪೂರ್ತಿ ಮೀನಿನ ಪರ. ಭಾವ ಮೊದಮೊದಲು ಹುರುಪಿನಲ್ಲಿದ್ದವರು ಹತ್ತೂವರೆ ಹೊತ್ತಿಗೆ ಚಿತ್ರಾನ್ನದ ಡಬ್ಬಿ ತೆಗೆದರು. ಗೈಡ್‌ಗೂ ಒಂದು ತಟ್ಟೆ ಹಾಕಿದರು. ಅವರು ಒಣಮೆಣಸಿನಕಾಯಿ ಬಿಡದೆ ಅಗಿದು ತಿಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನದ ಮೇಲೆ ಮೋಡ ಕವಿಯಿತು. ಗಾಳಿ ಎದ್ದು ನೀರಿನ ಮೈ ಸುಕ್ಕಾಯಿತು. ಗೈಡ್ ಮೊದಲ ಸಲ ತಾವಾಗಿಯೇ ಮಾತಾಡಿದರು, "ಈಗ ನೋಡಿ." ದೋಣಿಯನ್ನು ಬಂಡೆಯಿಂದ ಇನ್ನೂ ದೂರ ನಿಲ್ಲಿಸಿದರು.

ಬೆಂಡು ಗಾಳ ಹಾಕಿದವರಿಗೆ ಗೊತ್ತು, ಮೀನು ಕಚ್ಚಿದರೆ ಬೆಂಡು ಮುಳುಗುತ್ತದೆ. ನಾನೂ ಮುಳುಗುವುದನ್ನೇ ಕಾಯುತ್ತಿದ್ದೆ. ಭಾವನ ಬೆಂಡು ನೆಟ್ಟಗೆ ನಿಂತು ಕುಣಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಅಡ್ಡ ಮಲಗಿತು. ಗೈಡ್ ಕೂಗಿದರು. ಬಾಸ್ ಗಾಳವನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಬಂದರೆ ಬೆಂಡಿನ ಮೇಲಿನ ಭಾರ ಹೋಗಿ ಅದು ಮಲಗುತ್ತದಂತೆ. ಭಾವ ಎಳೆದರು. ಉದ್ದ ಕೋಲು ಬುಡದವರೆಗೂ ಬಾಗಿತು. ದಾರ ಸಣ್ಣದಾದ್ದರಿಂದ ಜಗ್ಗುವಂತಿಲ್ಲ, ರೀಲ್ ಚೂರು ಚೂರೇ ಬಿಟ್ಟುಕೊಡುತ್ತಿತ್ತು. ಆಳದಲ್ಲಿ ಕಂದು ಬಣ್ಣದ ಹೊಳಪೊಂದು ತಿರುಗಿತು. ಮತ್ತೆ ಕೆಳಗೆ ಹೋಯಿತು. ಇಡೀ ಜಗ್ಗಾಟ ಕಣ್ಣಿಗೇ ಕಾಣುತ್ತಿತ್ತು. ತಿಳಿನೀರಿನಿಂದ ನಮಗೆ ಅಂದು ಸಿಕ್ಕ ಲಾಭ ಅದೊಂದೇ.

ಬಲೆಗೆ ಬಂದಾಗ ನೋಡಿದೆವು. ಹಳೆಯ ಹಿತ್ತಾಳೆ ಬಣ್ಣದ ಮೈ, ಅಡ್ಡ ಪಟ್ಟೆ, ಕಣ್ಣು ಕೆಂಪು. ಹಲಗೆಯ ಮೇಲಿಟ್ಟು ಅಳೆದರೆ 18 ಇಂಚು. ಭಾವ ಆಗಲೇ ಮಸಾಲೆ ಡಬ್ಬಿ ನೆನೆಸಿಕೊಂಡಿದ್ದರು. ಗೈಡ್ ತಲೆ ಅಲ್ಲಾಡಿಸಿದರು. ಇಲ್ಲಿ 16ರಿಂದ 21 ಇಂಚಿನ ನಡುವಿನ ಸ್ಮಾಲ್‌ಮೌತ್ ಇಟ್ಟುಕೊಳ್ಳುವಂತಿಲ್ಲ. ಮೊಟ್ಟೆ ಇಟ್ಟು ಸಂತತಿ ಬೆಳೆಸುವ ವಯಸ್ಸಿನವು ಅಂತ. ಅದಕ್ಕಿಂತ ಸಣ್ಣದೊಂದು, ದೊಡ್ಡದೊಂದು ಇಟ್ಟುಕೊಳ್ಳಬಹುದು. "ಎರಡು ಇಂಚು ಕತ್ತರಿಸಿ ಕೊಡ್ಲಾ ಕೇಳು" ಎಂದರು ಭಾವ. ಒಂದು ಫೋಟೋ ತೆಗೆದು ಬಿಟ್ಟೆವು. ಬಾಲ ಒಂದು ಸಲ ಬಡಿದು ಹೋಯಿತು. ಆಮೇಲೆ ನನಗೂ ಒಂದು ಬಿತ್ತು, ಅದೂ ಬಿಡಬೇಕಾದ ಅಳತೆಯದ್ದೇ.

ಸಂಜೆ ದೋಣಿ ಕಟ್ಟುವಾಗ ಗೈಡ್ ಬೇಸಿಗೆಯ ವಿಷಯ ಹೇಳಿದರು. ಆಗ ಇಲ್ಲಿ ಹಗಲು ಗಾಳ ಹಾಕುವವರು ಕಡಿಮೆ. ರಾತ್ರಿ, ನೇರಳೆ ಬ್ಲ್ಯಾಕ್ ಲೈಟ್ ಹಚ್ಚಿಕೊಂಡು ಹೋಗುತ್ತಾರೆ. ಆ ಬೆಳಕಿಗೆ ದಾರ ಹೊಳೆಯುತ್ತದೆ, ಅದರ ಅಲುಗಾಟ ನೋಡಿ ಎಳೆಯಬೇಕು. ಭಾವ ಅಲ್ಲೇ ನಿಂತು ಫೋನಿನಲ್ಲಿ ಆ ಲೈಟಿನ ಬೆಲೆ ನೋಡಿದರು.

ಅಕ್ಕ ರಾತ್ರಿ ಫೋನ್ ಮಾಡಿದಳು. "ಇಪ್ಪತ್ತೆರಡು ಇಂಚಿನ ಮೀನು ಬಿಟ್ಟು ಬಂದರಂತೆ, ಹೌದೇನೋ?"

"ಇಪ್ಪತ್ತೆರಡಾಗಿದ್ರೆ ತರಬಹುದಿತ್ತಲ್ಲಕ್ಕ" ಎಂದೆ. ಆ ಕಡೆ ಭಾವ ಏನೋ ಗೊಣಗಿದ್ದು ಕೇಳಿಸಿತು.